ಹತ್ತುವಾಗ ಅತ್ತೆಯ ಮಾತು, ಇಳಿಯುವಾಗ ಮೇಷ್ಟ್ರ ಮಾತು

ಆ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಓಟದಕ್ಕ. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು, ಅವಳೂ ಬೇಸರವಿಲ್ಲದೆ ಓಗೊಡುತ್ತಿದ್ದಳು. ಐವತ್ತೆರಡು ವರ್ಷದ, ಗಿಡ್ಡನೆಯ, ಸ್ವಲ್ಪ ದುಂಡಗಿನ ಹೆಂಗಸು. ಇವಳು ಓಡುತ್ತಾಳೆ ಎಂದರೆ ನೋಡಿದವರು ನಂಬುವುದು ಕಷ್ಟ. ಆದರೆ ನೀಲಿ ಕೋಟು ತೊಟ್ಟು, ಕ್ಯಾನ್ವಾಸ್ ಶೂ ಬಿಗಿದು, ಸ್ಟೀಲಿನ ಡಬ್ಬಿ ಹಿಡಿದು ಮೆಟ್ಟಿಲಿಳಿಯಲು ಶುರುಮಾಡಿದಳೆಂದರೆ ಕಾಲಿಗೆ ಚಕ್ರ ಕಟ್ಟಿಕೊಂಡವಳೇ ಸರಿ.

ಮೂರನೆಯ ಮಹಡಿಯಲ್ಲಿ ಐಸಿಯು. ರಕ್ತ ಪರೀಕ್ಷೆ ಮಾಡುವ ಯಂತ್ರವಿದ್ದದ್ದು ನೆಲಮಹಡಿಯ ಲ್ಯಾಬಿನಲ್ಲಿ. ಕಟ್ಟಡ ಕಟ್ಟಿದವರು ಇವೆರಡನ್ನೂ ಅಕ್ಕಪಕ್ಕ ಇಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ, ಹಾಗೆ ಮಾಡಿದ್ದರೆ ನನಗೆ ಕೆಲಸ ಎಲ್ಲಿರುತ್ತಿತ್ತು ಎಂದು ನಗುತ್ತಿದ್ದಳು. ನಡುವೆ ಅರವತ್ತಾರು ಮೆಟ್ಟಿಲು, ಜೊತೆಗೊಂದು ಲಿಫ್ಟು. ಲಿಫ್ಟಿನ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅದು ಎಲ್ಲರ ಮಾತನ್ನೂ ಕೇಳುತ್ತದೆ, ಹಾಗಾಗಿ ಯಾರ ಕೆಲಸವೂ ಆಗುವುದಿಲ್ಲ ಎನ್ನುತ್ತಿದ್ದಳು. ಐಸಿಯುವಿನಲ್ಲಿ ಸಿಸ್ಟರ್ ರಕ್ತ ತೆಗೆದು ಸಿರಿಂಜನ್ನು ಕೈಗಿಟ್ಟರೆ, ಅದನ್ನು ಐಸು ತುಂಬಿದ ಡಬ್ಬಿಯಲ್ಲಿ ಹುಗಿದು, ಒಂಬತ್ತು ನಿಮಿಷದೊಳಗೆ ಲ್ಯಾಬಿನ ಮೇಜಿನ ಮೇಲಿಡುವುದು ಅವಳ ಕಸುಬು. ಹದಿನಾಲ್ಕು ವರ್ಷ ಅದನ್ನೇ ಮಾಡಿದಳು.

ಆ ಅವಸರವನ್ನು ಕಲಿಸಿದವರು ಲ್ಯಾಬಿನ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಗಂಟೆ ಎಷ್ಟಾಯಿತು ಎಂದು ಕೇಳಿದರೂ ಗಡಿಯಾರ ಹೇಗೆ ಓಡುತ್ತದೆ ಎಂಬಲ್ಲಿಂದ ಶುರುಮಾಡುವ ಸ್ವಭಾವದಿಂದ ಬಂದ ಹೆಸರು ಅದು. ಹತ್ತು ನಿಮಿಷಕ್ಕಿಂತ ಚಿಕ್ಕ ಉತ್ತರ ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಓಟದಕ್ಕ ಸಿರಿಂಜು ಹಿಡಿದುಕೊಂಡೇ ಎರಡನೆಯ ಮಹಡಿಯ ಕಸ ಗುಡಿಸುವವಳ ಜೊತೆ ಮಾತಿಗೆ ನಿಂತುಬಿಟ್ಟಿದ್ದಳು. ಅರ್ಧ ಗಂಟೆ ತಡವಾಗಿ ಹೋದವಳನ್ನು ಮೇಷ್ಟ್ರು ಸ್ಟೂಲಿನ ಮೇಲೆ ಕೂರಿಸಿ ಪಾಠ ಮಾಡಿದರು.

ಮೈಯೊಳಗೆ ಕೋಟಿಗಟ್ಟಲೆ ಒಲೆಗಳಿವೆ ಎಂದುಕೋ ಎಂದರು ಮೇಷ್ಟ್ರು. ರಕ್ತ ಸರಿಯಾಗಿ ಹರಿದು ಗಾಳಿ ತಲುಪುತ್ತಿದ್ದರೆ ಒಲೆ ಚೆನ್ನಾಗಿ ಉರಿಯುತ್ತದೆ. ರೋಗಿ ತೀರಾ ಕುಗ್ಗಿದಾಗ ಗಾಳಿ ಸಾಲದೆ ಒಲೆ ಹೊಗೆಯಾಡುತ್ತದೆ. ಆ ಹೊಗೆಯ ಹೆಸರೇ ಲ್ಯಾಕ್ಟೇಟ್. ಎರಡರ ಒಳಗಿದ್ದರೆ ನಿಶ್ಚಿಂತೆ, ನಾಲ್ಕು ದಾಟಿದರೆ ಡಾಕ್ಟರು ಕುರ್ಚಿ ಬಿಟ್ಟು ಏಳಬೇಕು. ಒಂದು ಸಲ ನೋಡಿದರೆ ಸಾಲದು, ಗಂಟೆ ಗಂಟೆಗೂ ಹೊಗೆ ಇಳಿಯುತ್ತಿದೆಯೋ ಏರುತ್ತಿದೆಯೋ ನೋಡಬೇಕು. ಇಳಿಯುತ್ತಿದ್ದರೆ ರೋಗಿ ಈ ಕಡೆಗೆ ತಿರುಗಿದ್ದಾನೆ ಎಂದು ಅರ್ಥ. ಏರುತ್ತಿದ್ದರೆ ಮುಖ ಎಷ್ಟೇ ಗೆಲುವಾಗಿದ್ದರೂ ಒಳಗೆ ಏನೋ ಕೆಡುತ್ತಿದೆ ಎಂದು ಅರ್ಥ. ಆದರೆ ಸಿರಿಂಜಿಗೆ ಬಂದ ರಕ್ತವೂ ಸತ್ತಿರುವುದಿಲ್ಲ, ಕೂತಲ್ಲೇ ಸಕ್ಕರೆ ತಿಂದು ಹೊಗೆ ಬಿಡುತ್ತಲೇ ಇರುತ್ತದೆ. "ಆ ಹೊಗೆ ರೋಗೀದಲ್ಲ ತಾಯಿ, ನಿನ್ನ ಹರಟೇದು. ತಾಳಿದವನು ಬಾಳಿಯಾನು ಅನ್ನೋದೆಲ್ಲ ಮನುಷ್ಯರಿಗೆ, ಸಿರಿಂಜಿಗಲ್ಲ," ಎಂದು ಪಾಠ ಮುಗಿಸಿದರು. ಅಂದಿನಿಂದ ಐಸು, ಓಟ, ಒಂಬತ್ತು ನಿಮಿಷ.

ಇನ್ನು ಮನೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಹಿಂದುಗಡೆ ಒಂದು ಬಾಲ್ಕನಿ. ಗಂಡ ಬಸ್ಸಿನ ಚಾಲಕ. ಅವನು ಓಡಿಸುವವನು, ಇವಳು ಓಡುವವಳು. ಮನೆಯಲ್ಲಿ ಕೂತಲ್ಲಿಂದಲೇ ಇಬ್ಬರನ್ನೂ ಓಡಾಡಿಸುತ್ತಿದ್ದವರು ಅತ್ತೆ. ಎಪ್ಪತ್ತಾರು ವರ್ಷ, ಒಣಕಲು ಮೈ, ಹದ್ದಿನ ಕಣ್ಣು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಮನೆಯಲ್ಲಿ ಸೊಸೆಯ ಕಾಲ ಇಪ್ಪತ್ತೆಂಟು ವರ್ಷವಾದರೂ ಬಂದಿರಲಿಲ್ಲ.

ಅತ್ತೆಯ ಕಾನೂನುಗಳಲ್ಲಿ ಮೊದಲನೆಯದು ಕೈ ಬರಿದಾಗಿರಬಾರದು ಎಂಬುದು. ಅಡುಗೆಮನೆಗೆ ಹೋಗುವವರು ಎದುರಿಗಿರುವ ಎಂಜಲು ಲೋಟ ತೆಗೆದುಕೊಂಡು ಹೋಗಬೇಕು. ಬಾಲ್ಕನಿಗೆ ಒದ್ದೆ ಬಟ್ಟೆ ಒಯ್ದವರು ಬರುವಾಗ ಒಣಗಿದ್ದನ್ನು ತರಬೇಕು. ಮದುವೆಯಾದ ಹೊಸದರಲ್ಲಿ ಒಮ್ಮೆ ಸೊಸೆ ಬರಿಗೈಯಲ್ಲಿ ಒಳಗೆ ಬಂದದ್ದಕ್ಕೆ, ಅತ್ತೆ ಅವಳನ್ನು ತಿರುಗಿ ಹೊರಗೆ ಕಳಿಸಿ, ಏನೂ ಸಿಗದೆ ಕಾಲೊರೆಸುವ ಚಾಪೆಯನ್ನೇ ಹೊತ್ತು ತರುವಂತೆ ಮಾಡಿದ್ದರು. ಆ ಪಾಠ ಎಲುಬಿಗೆ ಇಳಿದಿತ್ತು. ಆಸ್ಪತ್ರೆಯಲ್ಲೂ ಓಟದಕ್ಕ ಕೆಳಗಿನಿಂದ ಮೇಲೆ ಹತ್ತುವಾಗ ಎಂದೂ ಬರಿಗೈಯಲ್ಲಿ ಹತ್ತಿದವಳಲ್ಲ. ರಿಪೋರ್ಟುಗಳು, ಕೈಗವಸಿನ ಪೆಟ್ಟಿಗೆ, ಯಾರೋ ಮರೆತ ಕನ್ನಡಕ, ಏನಾದರೊಂದು ಇರಲೇಬೇಕು. ಇಳಿಯುವಾಗ ಮಾತ್ರ ಒಂಟಿ ಸಿರಿಂಜಾದರೂ ಅದೊಂದನ್ನೇ ಹಿಡಿದು ಓಡುತ್ತಿದ್ದಳು, ಇನ್ನೊಂದಕ್ಕೆ ಕಾಯುತ್ತಿರಲಿಲ್ಲ. ಹತ್ತುವಾಗ ಅತ್ತೆಯ ಮಾತು, ಇಳಿಯುವಾಗ ಮೇಷ್ಟ್ರ ಮಾತು. ಎರಡೂ ಕಾನೂನು ಜಗಳವಾಡದೆ ಹದಿನಾಲ್ಕು ವರ್ಷ ಸಂಸಾರ ಮಾಡಿದವು.

ಅತ್ತೆಗೆ ಮಾತ್ರ ಈ ಕೆಲಸವೇ ನಗೆಪಾಟಲು. ಬೇರೆಯವರ ರಕ್ತ ಹೊತ್ತು ಓಡುವುದೂ ಒಂದು ಉದ್ಯೋಗವೇ, ಬೆಕ್ಕೂ ಓಡುತ್ತದೆ, ಅದಕ್ಕೆ ಯಾರು ಸಂಬಳ ಕೊಡುತ್ತಾರೆ ಎಂದು ಬಂದವರೆದುರು ಹೇಳುವರು. ಸೊಸೆ ನಗುತ್ತಿದ್ದಳು. ಒಳಗೊಳಗೇ ಸ್ವಲ್ಪ ಚುಚ್ಚುತ್ತಿತ್ತು ಎಂಬುದೂ ನಿಜ.

ಹೀಗಿರುವಾಗ ಆಸ್ಪತ್ರೆಗೆ ಪೈಪು ಬಂತು. ಚಾವಣಿಯ ಕೆಳಗೆ, ಗೋಡೆಗುಂಟ, ಮೂರನೆಯ ಮಹಡಿಯಿಂದ ಲ್ಯಾಬಿನವರೆಗೆ ಕೊಳವೆ. ನೀರಿನ ಬಾಟಲಿಯಷ್ಟು ದೊಡ್ಡ ಡಬ್ಬಿಯಲ್ಲಿ ಸಿರಿಂಜುಗಳನ್ನಿಟ್ಟು, ಕೊಳವೆಯ ಬಾಯಿಗೆ ತುರುಕಿ, ಗುಂಡಿ ಒತ್ತಿದರೆ ಗಾಳಿ ಅದನ್ನು ಸುಯ್ಯನೆ ಎಳೆದುಕೊಂಡು ಹೋಗುತ್ತದೆ. ಮೊದಲ ದಿನ ಆಡಳಿತಾಧಿಕಾರಿಗಳು ಎಲ್ಲರೆದುರು ಒಂದು ನಿಂಬೆಹಣ್ಣು ಕಳಿಸಿದರು. ನಲವತ್ತು ಸೆಕೆಂಡಿನಲ್ಲಿ ನಿಂಬೆಹಣ್ಣು ಲ್ಯಾಬು ಮುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಓಟದಕ್ಕನೂ ತಟ್ಟಿದಳು, ಮನಸ್ಸಿನಲ್ಲಿ ಮಾತ್ರ ಇನ್ನು ನನ್ನ ಗತಿಯೇನು ಎಂದುಕೊಂಡಳು.

ಗತಿಯೇನೂ ಕೆಡಲಿಲ್ಲ. ಪೈಪಿನ ಬಾಯಿಯ ಪಕ್ಕ ಒಂದು ಮೇಜು, ಒಂದು ಕುರ್ಚಿ ಹಾಕಿ, ಸಿರಿಂಜು ತುಂಬಿ ಕಳಿಸುವ ಕೆಲಸ ಅವಳಿಗೇ ಕೊಟ್ಟರು. ಹದಿನಾಲ್ಕು ವರ್ಷದಲ್ಲಿ ಮೊದಲ ಕುರ್ಚಿ. ಮೊದಲ ದಿನ ಅದರ ತುದಿಯಲ್ಲಿ ಕೂತಳು, ಮೂರನೆಯ ದಿನ ಒರಗಿ ಕೂತಳು, ವಾರ ಕಳೆಯುವಷ್ಟರಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು. ಉಣ್ಣೆಯ ಉಂಡೆಗಳನ್ನಿಡಲು ಹಳೆಯ ಸ್ಟೀಲಿನ ಡಬ್ಬಿ ಹೇಳಿ ಮಾಡಿಸಿದ ಹಾಗಿತ್ತು. ಐಸು ಹೇಗೂ ಬೇಕಿರಲಿಲ್ಲ. ನೀರು ಸೋರಿ ಕೊಳವೆ ಹಾಳಾದೀತೆಂದು ಐಸು ಹಾಕಬಾರದು ಎಂಬ ಚೀಟಿಯನ್ನು ಪೈಪಿನ ಮೇಲೇ ಅಂಟಿಸಿದ್ದರು.

ಎಡವಟ್ಟಾದದ್ದು ಇಲ್ಲೇ. ಪೈಪಿನ ಡಬ್ಬಿಯಲ್ಲಿ ಆರು ಸಿರಿಂಜಿಗೆ ಆರು ಗೂಡುಗಳಿದ್ದವು. ಒಂದೇ ಒಂದು ಸಿರಿಂಜು ಹಾಕಿ, ಐದು ಗೂಡು ಖಾಲಿ ಬಿಟ್ಟು ಕಳಿಸುವಾಗ ಓಟದಕ್ಕನಿಗೆ ಕೈ ಬರಲೊಲ್ಲದು. ಇಪ್ಪತ್ತೆಂಟು ವರ್ಷ ಜೊತೆಗಿದ್ದ ಅತ್ತೆ ಒಳಗಿನಿಂದ ಎದ್ದು, ಬರಿಗೈಯಲ್ಲಿ ಕಳಿಸ್ತೀಯಾ ಎಂದು ಗದರಿದ ಹಾಗಾಗುತ್ತಿತ್ತು. ಇನ್ನೊಂದು ಬರಲಿ, ಮತ್ತೊಂದು ಬರಲಿ ಎಂದು ಕಾಯಲು ಶುರುಮಾಡಿದಳು. ಹೇಗೂ ನಲವತ್ತೇ ಸೆಕೆಂಡಿನ ದಾರಿ, ಸ್ವಲ್ಪ ಕಾದರೆ ಏನು ಮುಳುಗಿಹೋಯಿತು? ಸೀಟು ತುಂಬುವವರೆಗೆ ಹೊರಡದ ವ್ಯಾನಿನ ಹಾಗೆ ಪೈಪು ಅರ್ಧ ಗಂಟೆಗೊಮ್ಮೆ, ಮುಕ್ಕಾಲು ಗಂಟೆಗೊಮ್ಮೆ ಹೊರಡತೊಡಗಿತು. ಸದ್ದು ಕಡಿಮೆಯಾಯಿತೆಂದು ಸಿಸ್ಟರುಗಳೂ ಖುಷಿಪಟ್ಟರು. ತಡೆದು ಹೇಳಬೇಕಾಗಿದ್ದ ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿಕೊಂಡು ಮೂರು ವಾರ ರಜೆಯಲ್ಲಿದ್ದರು. ಅವರ ಜಾಗಕ್ಕೆ ಬಂದವನು ಯಂತ್ರ ಹೇಳಿದ್ದನ್ನು ಬರೆದು ಕಳಿಸುತ್ತಿದ್ದ, ಅಷ್ಟೇ.

ಮೂರನೆಯ ವಾರ ಅತ್ತೆ ಹೊಟ್ಟೆ ಹಿಡಿದುಕೊಂಡು ಕೂತರು. ಗ್ಯಾಸು ಎಂದು ಒಂದು ಹಗಲು ಯಾರಿಗೂ ಹೇಳದೆ ನುಂಗಿಕೊಂಡರು. ಮರುದಿನ ಬೆಳಿಗ್ಗೆ ಮುಖ ಬೂದಿಯಾಗಿತ್ತು, ಗಂಡ ಹೆಂಡತಿ ಸೇರಿ ಎತ್ತಿಕೊಂಡೇ ಆಸ್ಪತ್ರೆಗೆ ತಂದರು. ತೊಡೆಸಂದಿಯ ಹಳೆಯ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ಅದಕ್ಕೆ ರಕ್ತ ಹೋಗುವುದೇ ನಿಂತಿತ್ತು. ಲ್ಯಾಬಿನ ಪಕ್ಕದ ಕೋಣೆಯಲ್ಲೇ, ಬಂದ ತಕ್ಷಣ ತೆಗೆದ ರಕ್ತದಲ್ಲಿ ಲ್ಯಾಕ್ಟೇಟ್ ಆರು ದಾಟಿತ್ತು. ಸರ್ಜನ್ ಮೇಡಂ ಮಧ್ಯಾಹ್ನದೊಳಗೆ ಆಪರೇಷನ್ ಮುಗಿಸಿ ಹೊರಬಂದು ಇಬ್ಬರನ್ನೂ ಕರೆದು ಹೇಳಿದರು. ಸತ್ತ ಕರುಳನ್ನು ತೆಗೆದಿದ್ದಾರೆ. ಪಕ್ಕದ ಒಂದು ತುಂಡಿನ ಬಣ್ಣ ಅನುಮಾನವಾಗಿದೆ, ಚೇತರಿಸಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ಲ್ಯಾಕ್ಟೇಟ್ ಇಳಿಯುತ್ತಾ ಬಂದರೆ ಒಳ್ಳೆಯದು. ಇಳಿಯದಿದ್ದರೆ ಆ ತುಂಡೂ ಕೊಳೆಯುತ್ತಿದೆ ಎಂದು ಅರ್ಥ, ಮತ್ತೆ ಹೊಟ್ಟೆ ತೆರೆಯಬೇಕು. ಆದರೆ ಅತ್ತೆಯ ಹೃದಯ ಸೋತಿದೆ, ಎರಡನೆಯ ಸಲ ಅರಿವಳಿಕೆ ಕೊಟ್ಟರೆ ಏಳುತ್ತಾರೆಂದು ಹೇಳಲಾಗದು.

ಮರುದಿನ ಬೆಳಿಗ್ಗೆ ಸಿಸ್ಟರ್ ಓಟದಕ್ಕನಿಗೆ ಮನೆಗೆ ಹೋಗು ಎಂದರು. ಮನೆಯಲ್ಲಿ ಕೂತು ಗೋಡೆ ನೋಡಲೇ ಎಂದು ಅವಳು ತನ್ನ ಮೇಜಿಗೇ ಬಂದು ಕೂತಳು. ಅಲ್ಲಿಂದ ಅತ್ತೆಯ ಮಂಚ ಕಾಣುತ್ತಿತ್ತು. ಮೂಗು ಬಾಯಿಗೆ ಆಮ್ಲಜನಕದ ಮಾಸ್ಕು, ಮಣಿಕಟ್ಟಿನಲ್ಲಿ ರಕ್ತ ತೆಗೆಯುವ ನಳಿಗೆ. ಆರು ಗಂಟೆಗೆ ತೆಗೆದ ರಕ್ತವನ್ನು, ಹತ್ತಕ್ಕೆ ತೆಗೆದದ್ದನ್ನು, ಹನ್ನೆರಡಕ್ಕೆ ತೆಗೆದದ್ದನ್ನು ಅವಳೇ ಪೈಪಿಗೆ ಹಾಕಿದಳು. ಅತ್ತೆಯ ಸಿರಿಂಜು ಎಂದು ಮುದ್ದಿನಿಂದ ಮೊದಲ ಗೂಡಿನಲ್ಲಿಟ್ಟು, ಉಳಿದ ಗೂಡುಗಳು ತುಂಬಲೆಂದು ಕಾದು, ಆಮೇಲೆ ಗುಂಡಿ ಒತ್ತಿದಳು. ನಂಬರು ಕೇಳಲಿಲ್ಲ. ಒಯ್ಯುವವರು ನಂಬರು ಕೇಳಬಾರದು, ರೋಗಿಯ ಕಡೆಯವರಿಗೆ ಹೇಳಲೂ ಬಾರದು ಎಂಬುದು ನಿಯಮ. ಇವಳು ಈಗ ಎರಡೂ ಕಡೆಯವಳು.

ಕೇಳುವ ಅಗತ್ಯವೂ ಕಾಣಲಿಲ್ಲ. ಅತ್ತೆಯ ಪಾದ ಬೆಚ್ಚಗಾಗಿತ್ತು. ಮೂತ್ರದ ಚೀಲ ತುಂಬುತ್ತಿತ್ತು. ಹನ್ನೊಂದರ ಹೊತ್ತಿಗೆ ಕಣ್ಣು ಬಿಟ್ಟು, ಪಕ್ಕದ ಸ್ಟೂಲಿನ ಮೇಲೆ ಸಿಸ್ಟರ್ ಮಡಿಸಿಟ್ಟ ಟವೆಲ್ಲನ್ನು ನೋಡಿ, ಮಡಿಕೆ ಸರಿಯಿಲ್ಲವೆಂದು ಬೆರಳಲ್ಲೇ ತೋರಿಸಿದರು. ಟವೆಲ್ಲಿನ ತಪ್ಪು ಕಂಡಿತೆಂದರೆ ಅತ್ತೆ ಗೆದ್ದರು ಎಂದು ಸೊಸೆಗೆ ಖಾತ್ರಿಯಾಯಿತು.

ಒಂದೂವರೆಗೆ ಸರ್ಜನ್ ಮೇಡಂ ಅವಳನ್ನೂ ಗಂಡನನ್ನೂ ಕರೆದರು. ಬೆಳಿಗ್ಗೆ ನಾಲ್ಕು ಪಾಯಿಂಟ್ ಎರಡು, ಹತ್ತಕ್ಕೆ ನಾಲ್ಕು ಪಾಯಿಂಟ್ ನಾಲ್ಕು, ಹನ್ನೆರಡಕ್ಕೆ ನಾಲ್ಕು ಪಾಯಿಂಟ್ ಏಳು. ಇಳಿಯುವುದಿರಲಿ, ಏರುತ್ತಿದೆ. ನಾಲ್ಕು ಗಂಟೆಗೆ ಮತ್ತೆ ತೆರೆಯಬೇಕು ಎಂದರು. ಓಟದಕ್ಕ ಪಾದದ ಬಿಸುಪು, ಟವೆಲ್ಲು ಎಲ್ಲವನ್ನೂ ಹೇಳಿದಳು. ಮೇಡಂ ಸಮಾಧಾನದಿಂದ ಕೇಳಿಸಿಕೊಂಡರು. ಮುಖ ನಾಳೆ ಹೇಳುವುದನ್ನು ಈ ನಂಬರು ಇವತ್ತೇ ಹೇಳುತ್ತದೆ, ನಾಳೆಯವರೆಗೆ ಕಾದರೆ ಕೈ ಮೀರುತ್ತದೆ ಎಂದರು. ಅದು ಸುಳ್ಳಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಗಂಡ ಕಾಗದಕ್ಕೆ ಸಹಿ ಹಾಕಿ, ಪೆನ್ನು ಮುಚ್ಚುವುದನ್ನೂ ಮರೆತು ನಿಂತುಬಿಟ್ಟ.

ಅವಳಿಗೆ ಕಾಲು ನಿಲ್ಲಲಿಲ್ಲ. ಮೇಷ್ಟ್ರು ಅಂದೇ ರಜೆ ಮುಗಿಸಿ ಬಂದಿದ್ದಾರೆಂದು ಗೊತ್ತಿತ್ತು. ಏರಿದ ಮೇಲೂ ಇಳಿದದ್ದು ಉಂಟೇ ಎಂದು ಅವರನ್ನೊಂದು ಮಾತು ಕೇಳೋಣವೆಂದು ಮೆಟ್ಟಿಲಿಳಿದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಇಳಿಯುವಾಗ ಕೈಯಲ್ಲಿ ಏನೂ ಇರಲಿಲ್ಲ.

ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ಮೂರು ವಾರದ ಚೀಟಿಗಳನ್ನು ಹರವಿ ಕೂತಿದ್ದರು, ಮುಖ ಗಂಟಿಕ್ಕಿತ್ತು. ನಾನಿಲ್ಲದಾಗ ಇಡೀ ಐಸಿಯುಗೇ ಹೊಗೆ ಹಾಕಿದ್ದೀರಾ, ಎಲ್ಲರ ಲ್ಯಾಕ್ಟೇಟೂ ಏರಿದೆ ಎಂದು ಗೊಣಗಿದರು. ಆಮೇಲೆ ಒಂದು ಚೀಟಿಯನ್ನು ಅವಳ ಮುಂದೆ ಹಿಡಿದರು. ಅದು ಅತ್ತೆಯದೇ. ಚೀಟಿಯ ಮೇಲೆ ಎರಡು ಸಮಯ ಬರೆದಿತ್ತು. ರಕ್ತ ತೆಗೆದದ್ದು ಹತ್ತು ಗಂಟೆ ಐದು ನಿಮಿಷ. ಲ್ಯಾಬಿಗೆ ಬಂದದ್ದು ಹನ್ನೊಂದು. ಆರರ ಚೀಟಿಯಲ್ಲಿ ಅಂತರ ಇದಕ್ಕಿಂತ ಕಡಿಮೆ, ಹನ್ನೆರಡರದರಲ್ಲಿ ಇನ್ನೂ ಹೆಚ್ಚು. ನಲವತ್ತು ಸೆಕೆಂಡು ಎಂದು ಡಂಗುರ ಸಾರಿದ ಪೈಪು ಐವತ್ತೈದು ನಿಮಿಷ ತೆಗೆದುಕೊಂಡಿದೆ, ಇದಕ್ಕಿಂತ ಆಮೆ ವಾಸಿ, ಈಗಲೇ ಆಡಳಿತಾಧಿಕಾರಿಗೆ ಬರೆದು ಕಿತ್ತುಹಾಕಿಸುತ್ತೇನೆ ಎಂದರು ಮೇಷ್ಟ್ರು.

ಕಾಯಿಸಿದ್ದು ತಾನೇ ಎಂದು ಓಟದಕ್ಕನಿಗೆ ಹೊಳೆಯಿತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಪೈಪಿಗೆ ಬಾಯಿಯಿಲ್ಲ, ನಾನಲ್ಲ ಎನ್ನುತ್ತಿರಲಿಲ್ಲ. ಮೇಷ್ಟ್ರು ಪೈಪನ್ನು ಬೈಯುತ್ತಾ ಎರಡು ಗಂಟೆ ಕಳೆದಿದ್ದರೆ ಅಷ್ಟರಲ್ಲಿ ನಾಲ್ಕೂ ಬಾರಿಸುತ್ತಿತ್ತು. ಅವಳು ಚೀಟಿಯ ಮೇಲಿನ ಎರಡು ಸಮಯಗಳ ನಡುವೆ ಬೆರಳಿಟ್ಟಳು.

"ಪೈಪಲ್ಲ ಮೇಷ್ಟ್ರೇ, ನಾನು," ಎಂದಳು. "ಡಬ್ಬಿ ತುಂಬ್ಲಿ ಅಂತ ಕಾಯ್ತಾ ಇದ್ದೆ. ನಮ್ಮತ್ತೆ ರಕ್ತಾನೂ ಕಾಯಿಸಿದೆ. ನಾಲ್ಕು ಗಂಟೆಗೆ ಅವರ ಹೊಟ್ಟೆ ತೆರೀತಾರೆ."

ಮೇಷ್ಟ್ರು ಕಪ್ಪು ಕನ್ನಡಕ ತೆಗೆದು ಅವಳನ್ನು ನೋಡಿದರು. ಪಾಠ ಶುರುವಾಗುತ್ತದೆ ಎಂದು ಅವಳು ಕಾದಳು. ಮೇಷ್ಟ್ರು ಎದ್ದು ಫ್ರಿಜ್ಜು ತೆಗೆದು, ಒಂದು ರಬ್ಬರ್ ಕೈಗವಸಿನ ತುಂಬ ಐಸು ತುಂಬಿ, ಗಂಟು ಹಾಕಿ ಅವಳ ಕೈಗಿಟ್ಟರು. ಅವರ ಜೀವಮಾನದ ಅತಿ ಚಿಕ್ಕ ಉತ್ತರ ಆಗ ಬಂತು.

"ಓಡು."

ಮೂರು ವಾರ ಕೂತ ಮೊಣಕಾಲು ಇಪ್ಪತ್ತನೆಯ ಮೆಟ್ಟಿಲಿಗೇ ತಕರಾರು ತೆಗೆಯಿತು. ಅವಳು ಕೇಳಲಿಲ್ಲ. ಸರ್ಜನ್ ಮೇಡಂ ಐಸಿಯುವಿನ ಬಾಗಿಲಲ್ಲಿ ಯಾರದೋ ಫೈಲು ನೋಡುತ್ತಾ ನಿಂತಿದ್ದರು. ಐದು ಬೆರಳಿನ ಐಸು ಹಿಡಿದು ಏದುಸಿರು ಬಿಡುತ್ತಾ ಬಂದವಳನ್ನು ನೋಡಿ ಅವರಿಗೆ ಗಾಬರಿಯೋ ನಗುವೋ ತಿಳಿಯಲಿಲ್ಲ. ಓಟದಕ್ಕ ಒಂದನ್ನೂ ಮುಚ್ಚಿಡದೆ, ಗೂಡುಗಳು ತುಂಬಲೆಂದು ಕಾದದ್ದು, ಮೂರು ವಾರದಿಂದ ಕಾದದ್ದು, ಐವತ್ತೈದು ನಿಮಿಷ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೇಡಂ ಮುಖ ಬಿಗಿಯಿತು.

"ಗೊತ್ತಿದ್ದು ಹೇಳ್ತಿದ್ದೀರೋ, ಅತ್ತೆ ಅಂತ ಹೇಳ್ತಿದ್ದೀರೋ?"

"ಎರಡೂ, ಮೇಡಂ."

ಆ ಉತ್ತರ ಮೇಡಂಗೆ ಹಿಡಿಸಿತೋ ಏನೋ. ಗಡಿಯಾರ ನೋಡಿದರು. ಎರಡಾಗಿತ್ತು. ನಾನು ನಾಲ್ಕರ ಆಪರೇಷನ್ನನ್ನು ರದ್ದು ಮಾಡುವುದಿಲ್ಲ ಎಂದು ಮೊದಲೇ ಹೇಳಿದರು. ಆಮೇಲೆ ಸಿಸ್ಟರಿಗೆ, ಒಂದೇ ನಳಿಗೆಯಿಂದ ಒಂದೇ ಸಲಕ್ಕೆ ಎರಡು ಸಿರಿಂಜು ತೆಗೆಯಲು ಹೇಳಿದರು. ಒಂದು ಐಸಿನಲ್ಲಿ ಓಟದಕ್ಕನ ಜೊತೆ ಓಡಬೇಕು. ಇನ್ನೊಂದು ಬೆಳಗಿನಂತೆಯೇ ಮೇಜಿನ ಮೇಲೆ ಐವತ್ತೈದು ನಿಮಿಷ ಕೂತು, ಆಮೇಲೆ ಪೈಪಿನಲ್ಲಿ ಹೋಗಬೇಕು. ಎರಡರಲ್ಲೂ ಒಂದೇ ನಂಬರು ಬಂದರೆ ಅತ್ತೆಯನ್ನು ಥಿಯೇಟರಿಗೆ ಒಯ್ಯುವುದೇ ಎಂದರು. ಓಟದಕ್ಕ ತಲೆಯಾಡಿಸಿದಳು. ತಾನು ಬಯಸಿದ್ದನ್ನೇ ನಿಜವೆಂದುಕೊಳ್ಳುತ್ತಿಲ್ಲ ತಾನೇ ಎಂಬ ಹೆದರಿಕೆ ಅವಳಿಗೂ ಇತ್ತು. ಕರುಳು ನಿಜವಾಗಿಯೂ ಕೊಳೆಯುತ್ತಿದ್ದು ಆಪರೇಷನ್ ತಪ್ಪಿದರೆ ಅದು ಅವಳ ತಲೆಯ ಮೇಲೆ ಬರುತ್ತಿತ್ತು.

ಸ್ಟೀಲಿನ ಡಬ್ಬಿಯಿಂದ ಉಣ್ಣೆಯ ಉಂಡೆಗಳನ್ನು ಮೇಜಿನ ಮೇಲೆ ಸುರಿದಳು. ಒಂದು ಉಂಡೆ ಉರುಳಿಕೊಂಡು ಮಂಚಗಳ ಕೆಳಗೆ ಹೋಯಿತು, ಹೋಗಲಿ. ಐಸು ಹಾಕಿ ಸಿರಿಂಜು ಹುಗಿದಳು. ಇನ್ನೊಬ್ಬ ಸಿಸ್ಟರ್ ಅಭ್ಯಾಸಬಲದಿಂದ, ಹೇಗೂ ಹೋಗ್ತಿದ್ದೀಯಲ್ಲ, ಐದನೇ ಮಂಚದ್ದೂ ತೆಗೆದುಕೊಡುತ್ತೇನೆ, ಎರಡು ನಿಮಿಷ ಇರು ಎಂದರು. ಓಟದಕ್ಕ ಆಗಲೇ ಮೂರು ಮೆಟ್ಟಿಲು ಇಳಿದಿದ್ದಳು.

ಅರವತ್ತಾರು ಮೆಟ್ಟಿಲು. ಮೂರನೆಯ ಮಹಡಿಯ ತಿರುವಿನಲ್ಲಿ ಹೂಕುಂಡ, ಎರಡನೆಯದರಲ್ಲಿ ಸದಾ ಒದ್ದೆಯಿರುವ ನೆಲ, ಒಂದನೆಯದರಲ್ಲಿ ಫೋನು ಹಿಡಿದು ದಾರಿಗಡ್ಡ ನಿಲ್ಲುವ ಜನ. ಎಲ್ಲವೂ ಕಾಲಿಗೆ ನೆನಪಿತ್ತು. ಕಸ ಗುಡಿಸುವವಳು ಪೊರಕೆ ಎತ್ತಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಓಟದಕ್ಕ ಮತ್ತೆ ಓಡುತ್ತಿದ್ದಾಳೆ ಎಂಬ ಸುದ್ದಿ ಅವಳಿಗಿಂತ ಮೊದಲೇ ಕೆಳಗೆ ಮುಟ್ಟಿತೋ ಏನೋ, ಮೇಷ್ಟ್ರು ಲ್ಯಾಬಿನ ಬಾಗಿಲು ತೆರೆದು ಹಿಡಿದು ನಿಂತಿದ್ದರು. ರಕ್ತ ತೆಗೆದು ಏಳು ನಿಮಿಷವಾಗಿತ್ತು. ಯಂತ್ರ ಎರಡು ನಿಮಿಷ ಗುರ್ ಎಂದು, ಚೀಟಿ ಉಗುಳಿತು.

ಎರಡು ಪಾಯಿಂಟ್ ಮೂರು.

ಮೇಷ್ಟ್ರು ಆ ಚೀಟಿಯನ್ನು ಎರಡು ಸಲ ಓದಿದರು, ಹೊಸ ಕಣ್ಣಿನ ಮೇಲೆ ನಂಬಿಕೆಯಿಲ್ಲದವರ ಹಾಗೆ. ಓಟದಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಆದರೆ ಪರೀಕ್ಷೆ ಇನ್ನೂ ಅರ್ಧವೇ ಆಗಿತ್ತು. ಮೇಲೆ ಹೋಗಿ ತನ್ನ ಮೇಜಿನೆದುರು ಕೂತಳು. ಎರಡನೆಯ ಸಿರಿಂಜು ಉಣ್ಣೆಯ ಉಂಡೆಗಳ ನಡುವೆ ಮಲಗಿತ್ತು. ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಅದನ್ನೇ ನೋಡುತ್ತಾ ಕೂತಳು. ಕಣ್ಣಿಗೆ ಏನೂ ಕಾಣುವುದಿಲ್ಲ, ಕೆಂಪು ಕೆಂಪಾಗಿಯೇ ಇರುತ್ತದೆ. ಮೂರು ವಾರ ಇದರೆದುರೇ ಹೆಣೆಯುತ್ತಾ ಕೂತಿದ್ದೆನಲ್ಲ ಎಂದುಕೊಂಡಳು. ಗಂಡ ಬಂದು ಪಕ್ಕದಲ್ಲಿ ನಿಂತ. ಹೊರಡುವ ಸಮಯಕ್ಕೆ ಮುಂಚೆ ಬಸ್ಸು ಬಿಟ್ಟು ಬೈಸಿಕೊಂಡವನು ಅವನು, ಆ ಐವತ್ತೈದು ನಿಮಿಷ ಅವನಿಗೂ ಉದ್ದವಾಯಿತು. ಎರಡು ಗಂಟೆ ಐವತ್ತೆಂಟಕ್ಕೆ ಅವಳು ಗುಂಡಿ ಒತ್ತಿದಳು. ಡಬ್ಬಿ ಐದು ಖಾಲಿ ಗೂಡುಗಳ ಸಮೇತ ಸುಯ್ಯನೆ ಹೋಯಿತು.

ಮೇಷ್ಟ್ರು ಫೋನು ಮಾಡಲಿಲ್ಲ. ಚೀಟಿ ಹಿಡಿದುಕೊಂಡು ತಾವೇ ಮೆಟ್ಟಿಲು ಹತ್ತಿ ಬಂದರು. ನಾಲ್ಕು ಪಾಯಿಂಟ್ ಐದು. ಒಂದೇ ಕೈಯಿಂದ ಒಂದೇ ಗಳಿಗೆಯಲ್ಲಿ ತೆಗೆದ ರಕ್ತ. ಸೋಂಕಿನ ಜೊತೆ ಹೊಡೆದಾಡಲು ಬಂದ ಬಿಳಿ ಕಣಗಳು ಅತ್ತೆಯ ರಕ್ತದಲ್ಲಿ ದಂಡುಗಟ್ಟಿವೆ, ತಿನ್ನುವ ಬಾಯಿ ಹೆಚ್ಚಾದರೆ ಹೊಗೆಯೂ ಹೆಚ್ಚು, ಅದಕ್ಕೇ ಉಳಿದವರಿಗಿಂತ ಇವರದು ಇಷ್ಟು ಏರಿದೆ ಎಂದು ಮೇಷ್ಟ್ರು ಮೇಡಂಗೇ ಪಾಠ ಶುರುಮಾಡಿದರು. ಮೇಡಂ ಪೂರ್ತಿ ಹತ್ತು ನಿಮಿಷ ಕೇಳಿಸಿಕೊಂಡರು. ಆಮೇಲೆ ನಾಲ್ಕರ ಪಟ್ಟಿಯಲ್ಲಿದ್ದ ಅತ್ತೆಯ ಸಾಲಿನ ಮೇಲೆ ಗೀಟು ಎಳೆದರು. ಎರಡು ಗಂಟೆಗೊಮ್ಮೆ ರಕ್ತ ನೋಡೋಣ, ಪ್ರತಿಸಲವೂ ಐಸಿನಲ್ಲಿ, ಪ್ರತಿಸಲವೂ ನೀವೇ ಎಂದರು. ಸಂಜೆ ಆರಕ್ಕೆ ನಂಬರು ಎರಡರೊಳಗೆ ಇಳಿಯಿತು.

ಮೇಷ್ಟ್ರು ಮೂರು ವಾರದ ಚೀಟಿಗಳನ್ನೆಲ್ಲ ಜಾಲಾಡಿದರು. ಪುಣ್ಯಕ್ಕೆ ಬೇರೆ ಯಾರ ಮೇಲೂ ಕತ್ತರಿ ಆಡಿರಲಿಲ್ಲ. ನಾಲ್ಕು ಜನ ಸುಮ್ಮನೆ ಒಂದೊಂದು ದಿನ ಹೆಚ್ಚು ಐಸಿಯುವಿನಲ್ಲಿ ಮಲಗಿದ್ದರು. ಆ ನಾಲ್ವರ ಮಂಚದ ನಂಬರು ಓಟದಕ್ಕನಿಗೆ ಇವತ್ತಿಗೂ ಬಾಯಿಪಾಠ. ಆಡಳಿತಾಧಿಕಾರಿಗಳು ಅವಳಿಗೊಂದು ಮೆಮೊ ಕೊಟ್ಟರು, ಸಮಜಾಯಿಷಿ ಕೇಳಿದರು. ಡಬ್ಬಿ ತುಂಬಲೆಂದು ಕಾದೆ, ಕಾಯಬಾರದಿತ್ತು ಎಂದು ಒಂದೇ ಸಾಲು ಬರೆದುಕೊಟ್ಟಳು. ಲ್ಯಾಕ್ಟೇಟಿನ ಸಿರಿಂಜು ಪೈಪಿನಲ್ಲಿ ಹೋಗಕೂಡದು, ನಡೆದೇ ಹೋಗಬೇಕು ಎಂದು ಹೊಸ ಚೀಟಿ ಬಿತ್ತು. ನಡೆದು ಎಂಬ ಪದವನ್ನು ಯಾರೋ ಹೊಡೆದುಹಾಕಿ ಓಡಿ ಎಂದು ತಿದ್ದಿದ್ದರು. ಅಕ್ಷರ ಮೇಷ್ಟ್ರದೇ ಎಂದು ಎಲ್ಲರಿಗೂ ಗೊತ್ತು. ಕುರ್ಚಿಯನ್ನು ಓಟದಕ್ಕ ತಾನೇ ಎತ್ತಿಕೊಂಡು ಹೋಗಿ ರೋಗಿಗಳ ಕಡೆಯವರು ಕಾಯುವ ಜಾಗದಲ್ಲಿ ಹಾಕಿ ಬಂದಳು.

ನಾಲ್ಕನೆಯ ದಿನ ಅತ್ತೆಯ ಮಾಸ್ಕು ತೆಗೆದರು. ಮಾಸ್ಕು ಹೋದ ತಕ್ಷಣ ಬಾಯಿ ಬಂತು. ಸಾರು ನೀರಾಗಿದೆ, ಕಿಟಕಿಯ ಪರದೆ ಸೊಟ್ಟಗಿದೆ, ಸಿಸ್ಟರುಗಳು ಬರಿಗೈಯಲ್ಲಿ ಓಡಾಡುತ್ತಾರೆ. ಆ ಕೊನೆಯ ಮಾತಿಗೆ ಮಗನಿಗೆ ತಡೆಯಲಾಗಲಿಲ್ಲ. ಅಮ್ಮನ ಮಂಚದ ತುದಿಯಲ್ಲಿ ಕೂತು, ಕೈ ಬರಿದಾಗಿರಬಾರದೆಂಬ ಕಾನೂನು ಅವಳ ಹೊಟ್ಟೆಯನ್ನು ಎರಡನೆಯ ಸಲ ಕೊಯ್ಯಿಸುವವರೆಗೆ ಬಂದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಸೊಸೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಬೈಗುಳ ಬರಲಿ, ತಿಂದುಬಿಡುತ್ತೇನೆ ಎಂದು ಗಟ್ಟಿಯಾಗಿದ್ದಳು. ಬೈಗುಳ ಬರಲಿಲ್ಲ. ಅತ್ತೆ ತಮ್ಮ ಅಂಗೈಗಳನ್ನೇ ಮಗುಚಿ ಮಗುಚಿ ನೋಡಿಕೊಂಡರು.

ಅಷ್ಟರಲ್ಲಿ ಸಿಸ್ಟರ್ ಬಂದು ಅತ್ತೆಯ ಕೊನೆಯ ರಕ್ತ ತೆಗೆದರು. ಇದೊಂದು ಸರಿಯಿದ್ದರೆ ಸಂಜೆ ವಾರ್ಡಿಗೆ ಕಳಿಸುವುದು ಎಂದು ಮೇಡಂ ಹೇಳಿದ್ದರು. ಓಟದಕ್ಕ ಡಬ್ಬಿಯಲ್ಲಿ ಸಿರಿಂಜು ಹುಗಿದು ಹೊರಟಾಗ ಅತ್ತೆ ಅವಳ ಮಣಿಕಟ್ಟು ಹಿಡಿದರು. ಹಿಡಿತ ಹಗುರವಾಗಿತ್ತು.

"ಬರ್ತಾ ಏನೂ ತರ್ಬೇಡ," ಎಂದರು. "ಬರಿಗೈಲೇ ಬಾ. ಬೇಗ ಬಾ."

ಮೆಟ್ಟಿಲಿಳಿಯುವಾಗ ಅವಳ ಕಣ್ಣು ಮಂಜಾಗಿತ್ತು, ಆದರೂ ಒಂದು ಮೆಟ್ಟಿಲೂ ತಪ್ಪಲಿಲ್ಲ. ಯಂತ್ರ ಒಂದು ಪಾಯಿಂಟ್ ನಾಲ್ಕು ಎಂದಿತು. ಮೇಷ್ಟ್ರು ಫೋನಿನಲ್ಲಿ ನಂಬರನ್ನು ಮೇಲೆ ತಿಳಿಸಿ, ಎಂದಿನಂತೆ ರಿಪೋರ್ಟುಗಳ ಒಂದು ಕಟ್ಟು ಎತ್ತಿ ಅವಳ ಮುಂದೆ ಚಾಚಿದರು. ಹೇಗೂ ಮೇಲೆ ಹೋಗುತ್ತೀಯಲ್ಲ ಎಂದರು.

"ಇವತ್ತಿಲ್ಲ ಮೇಷ್ಟ್ರೇ," ಎಂದಳು ಓಟದಕ್ಕ. "ನಮ್ಮತ್ತೆ ಬರಿಗೈಲಿ ಬಾ ಅಂದಿದ್ದಾರೆ."

ಸ್ಟೀಲಿನ ಡಬ್ಬಿಯನ್ನೂ ಅಲ್ಲೇ ಮೇಜಿನ ಮೇಲೆ ಬಿಟ್ಟು, ಖಾಲಿ ಕೈ ಬೀಸಿಕೊಂಡು, ಅರವತ್ತಾರು ಮೆಟ್ಟಿಲು ಹತ್ತತೊಡಗಿದಳು.